ತಣ್ಣನೆಯ ಸೌನಾದಲ್ಲಿ ಸೈಮಿ ನಿಸ್ಕಲಾ

ಲೊಕ್ಕಿರಂತ ಊರಿನ ಸಮುದ್ರದಂಡೆಯ ಸೌನಾದಲ್ಲಿ, ಕಾದ ಕಲ್ಲಿಗೆ ನೀರೆರಚಿ ಹಬೆಯಲ್ಲಿ ಬೆವರುವ ಆ ಸ್ನಾನದ ಮನೆಯಲ್ಲಿ, ಸೈಮಿ ನಿಸ್ಕಲಾ ಐವತ್ತೇಳು ವರ್ಷ ಜನರ ಬೆನ್ನು ತೊಳೆದಳು. ಆಮೇಲೆ ಊರಿನ ಆಡಳಿತದವರು ಅದಕ್ಕೆ ಬೀಗ ಹಾಕಿದರು. ಅವಳು ಆ ಬೀಗವನ್ನು ಒಪ್ಪಲಿಲ್ಲ. ನಡೆದದ್ದು ಇಷ್ಟೇ. ಆದರೆ ಅವಳು ಒಪ್ಪದೇ ಇದ್ದ ರೀತಿಯನ್ನು ಇಲ್ಲಿ ಇನ್ನೂ ಯಾರೂ ಮರೆತಿಲ್ಲ. ನಾನು ಊರಿನ ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವಳು. ಇದರಲ್ಲಿ ಅರ್ಧ ನಾನೇ ಕಂಡದ್ದು, ಉಳಿದರ್ಧ ಆ ಸೌನಾದ ಬೆಂಚುಗಳ ಮೇಲೆ ಬೆವರುತ್ತ ಕೇಳಿದ್ದು.

ಸೈಮಿ ಹುಟ್ಟಿದ್ದೇ ಆ ಸೌನಾದೊಳಗೆ. ಯುದ್ಧ ನಡೆಯುತ್ತಿದ್ದ ಒಂದು ಫೆಬ್ರವರಿ ಅದು. ಮನೆಗಿಂತ ಸೌನಾ ಬೆಚ್ಚಗಿತ್ತು, ಚೊಕ್ಕಟವಾಗಿತ್ತು, ಬಿಸಿನೀರು ಕೈಗೆಟಕುವಂತಿತ್ತು. ಆ ಕಾಲದ ಹೆಂಗಸರು ಹೆರಿಗೆಗೆ ಅಲ್ಲಿಗೇ ಹೋಗುತ್ತಿದ್ದರು. ಸತ್ತವರ ಮೈಯನ್ನೂ ಅಲ್ಲೇ ತೊಳೆಯುತ್ತಿದ್ದರು. ಅಪ್ಪ ಗಡಿಯಲ್ಲಿದ್ದ. ಮಗಳ ಮುಖ ನೋಡಲು ಬರಲಿಲ್ಲ, ಯುದ್ಧ ಮುಗಿದ ಮೇಲೂ ಬರಲಿಲ್ಲ. ಅಮ್ಮ ಆ ಸೌನಾದಲ್ಲಿ ಬೆನ್ನು ತೊಳೆಯುವ ಕೆಲಸದವಳು. ಟೊಳ್ಳು ಕೊಂಬಿನ ಬಾಯಿಯನ್ನು ಚರ್ಮಕ್ಕೆ ಒತ್ತಿಟ್ಟು ಕೆಟ್ಟ ರಕ್ತ ತೆಗೆಯುವುದೂ ಅವಳಿಗೆ ಗೊತ್ತಿತ್ತು. ಸೈಮಿ ಹದಿನೇಳಕ್ಕೆ ಬಂದಾಗ ಅಮ್ಮನ ಬೆರಳುಗಳು ಸೊಟ್ಟಗಾಗಿ ಗಂಟು ಕಟ್ಟಿಕೊಂಡವು. ಅಂದಿನಿಂದ ತೊಳೆಯುವ ಕುಂಚ ಮಗಳ ಕೈಗೆ ಬಂತು.

ಆಗ ಸೌನಾ ಇನ್ನೂ ಮರ ಕೊಯ್ಯುವ ಮಿಲ್ಲಿನವರದು. ತಮ್ಮ ಕೂಲಿಯಾಳುಗಳಿಗೆಂದು ಅವರೇ ಕಟ್ಟಿಸಿದ್ದರು. ಸೈಮಿ ಕೆಲಸಕ್ಕೆ ನಿಂತ ಮೊದಲ ಚಳಿಗಾಲದಲ್ಲೇ ಮಿಲ್ಲಿನ ಮ್ಯಾನೇಜರು ಒಂದು ದಿನ ಕೂಲಿಯಾಳುಗಳ ಹೊತ್ತಿಗೆ ಬಂದ. ಅವನ ಮನೆಯ ಸೌನಾದ ಒಲೆ ಕೆಟ್ಟಿತ್ತಂತೆ. ಬಂದವನು ಮೇಲಿನ ಬೆಂಚಿನ ಕಡೆ ನೋಡುತ್ತ ನಿಂತ. ಹಬೆ ಚೆನ್ನಾಗಿ ತಾಗುವುದು ಅಲ್ಲೇ. ಕೂತಿದ್ದ ಮೂವರು ಗಂಡಸರು ಸರಿದುಕೊಂಡು ಇಳಿಯತೊಡಗಿದರು. ಮೂಲೆಯಲ್ಲಿ ಬಕೆಟ್ಟಿಗೆ ನೀರು ತುಂಬಿಸುತ್ತಿದ್ದ ಸೈಮಿ ತಲೆ ಎತ್ತಿದಳು.

"ಬಟ್ಟೆ ಬಿಚ್ಚಿದ ಮೇಲೆ ಮ್ಯಾನೇಜರ್ ಯಾರು ಅಂತ ನಂಗೆ ಗೊತ್ತಾಗಲ್ಲ," ಎಂದಳು. "ಜಾಗ ಇರೋ ಕಡೆ ಕೂತ್ಕೊಳ್ಳಿ."

ಮ್ಯಾನೇಜರು ಕೆಳಗಿನ ಬೆಂಚಿನಲ್ಲಿ ಕೂತ. ಮರುದಿನ ಅಮ್ಮನಿಗೆ ಮಿಲ್ಲಿನಿಂದ ಕರೆ ಬಂತು. ಅಮ್ಮ ಹೋಗಿ ಬೈಸಿಕೊಂಡು ಬಂದಳು. ಮನೆಗೆ ಬಂದು ಮಗಳಿಗೆ ಬೈಯಲಿಲ್ಲ. ಆ ರಾತ್ರಿ ಊಟಕ್ಕೆ ಸಾಲ್ಮನ್ ಸಾರು ಮಾಡಿ, ಮೀನಿನ ದೊಡ್ಡ ತುಂಡನ್ನು ಅವಳ ತಟ್ಟೆಗೆ ಹಾಕಿದಳಂತೆ.

ಇಪ್ಪತ್ತೆರಡಕ್ಕೆ ಸೈಮಿ ಮದುವೆಯಾದಳು. ಗಂಡ ವೈಕ್ಕೊ, ಹಡಗುಗಳಿಗೆ ದಾರಿ ತೋರಿಸುವ ದೋಣಿಯ ಎಂಜಿನ್ ನೋಡಿಕೊಳ್ಳುವವನು. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಮಿಲ್ಲು ಮುಚ್ಚಿದ ವರ್ಷ ಊರಿನ ಗಂಡಸರು ಗುಂಪುಗುಂಪಾಗಿ ಹಡಗು ಹತ್ತಿ ಸ್ವೀಡನ್ನಿನ ಕಾರ್ಖಾನೆಗಳಿಗೆ ಹೋದರು, ವೈಕ್ಕೊನೂ ಹೊರಟ. ಇಬ್ಬರೂ ಹೋಗೋಣ, ಅಲ್ಲಿ ಮನೆಯಲ್ಲೇ ಬಿಸಿನೀರು ಬರುತ್ತದೆ ಎಂದು ಹೇಳಿದ. ಮನೆಯಲ್ಲೇ ಬಿಸಿನೀರು ಬರುವ ಊರಲ್ಲಿ ತಾನು ಮಾಡುವುದೇನು ಎಂದು ಸೈಮಿ ಕೇಳಿದಳು. ಅವನು ಹೋದ, ಅವಳು ಉಳಿದಳು. ಹತ್ತು ಹನ್ನೆರಡು ವರ್ಷ ಕ್ರಿಸ್‌ಮಸ್ಸಿಗೆ ಕಾರ್ಡು ಬರುತ್ತಿತ್ತು. ಆಮೇಲೆ ಅದೂ ನಿಂತಿತು. ಅತ್ತಳೋ ಇಲ್ಲವೋ ನಮಗೆ ಗೊತ್ತಿಲ್ಲ. ಸೌನಾದಲ್ಲಿ ಎಲ್ಲರ ಮುಖವೂ ಒದ್ದೆಯಾಗೇ ಇರುತ್ತದೆ.

ಮಿಲ್ಲು ಹೋದ ಮೇಲೆ ಸೌನಾ ಊರಿನ ಆಡಳಿತದ ಕೈಗೆ ಬಂತು. ಬುಧವಾರ, ಶುಕ್ರವಾರ ಗಂಡಸರಿಗೆ. ಗುರುವಾರ, ಶನಿವಾರ ಹೆಂಗಸರಿಗೆ. ಚಳಿಗಾಲದಲ್ಲಿ ಮುಂದಿನ ಸಮುದ್ರ ಹೆಪ್ಪುಗಟ್ಟಿದಾಗ ಮಂಜುಗಡ್ಡೆಯಲ್ಲಿ ಬಾವಿಯಂಥ ಕಂಡಿ ಕೊರೆದು, ಸೌನಾದಿಂದ ಓಡಿಬಂದು ಅದರಲ್ಲಿ ಮುಳುಗುವುದು. ಬೇಸಿಗೆಯಲ್ಲಿ ಮೆಟ್ಟಿಲಿಳಿದು ಈಜುವುದು. ಸೈಮಿಯ ಕೈಯಲ್ಲಿ ಪೈನ್ ಮರದಿಂದ ಇಳಿಸಿದ ಟಾರಿನ ವಾಸನೆಯ ಸೋಪು, ಒರಟು ಕುಂಚ. ಮಲಗಿದವರನ್ನು ಹೇಗಿದ್ದೀರಿ ಎಂದು ಕೇಳುತ್ತಿರಲಿಲ್ಲ. ಬೆನ್ನಿನ ಮೇಲೆ ಕೈಯಿಟ್ಟರೆ ಅವಳಿಗೆ ತಿಳಿಯುತ್ತಿತ್ತು. ನನ್ನ ತಂಗಿ ತೀರಿಕೊಂಡ ವಾರ ನಾನು ಹೋಗಿದ್ದೆ. ಸೈಮಿ ಮೂರು ಬಕೆಟ್ ಬಿಸಿನೀರು ಹೆಚ್ಚಿಗೆ ಹಾಕಿದಳು.

ಹೀಗಿದ್ದ ಊರಿಗೆ ಪೆಟ್ರಿ ಸಲ್ಮೆಲಾ ಹೊಸ ಆಡಳಿತಾಧಿಕಾರಿಯಾಗಿ ಬಂದ. ನಲವತ್ತರ ಆಸುಪಾಸು, ಚುರುಕು ನಡಿಗೆ, ಸದಾ ಇಸ್ತ್ರಿ ಮಾಡಿದ ಅಂಗಿ. ಕೆಟ್ಟವನಲ್ಲ. ಊರು ಖಾಲಿಯಾಗುತ್ತಿದೆ, ಬೇಸಿಗೆಯಲ್ಲಾದರೂ ಹೊರಗಿನ ಜನ ಬರಬೇಕು ಎನ್ನುವುದು ಅವನ ಚಿಂತೆಯಾಗಿತ್ತು, ಅದರಲ್ಲಿ ತಪ್ಪೂ ಇರಲಿಲ್ಲ. ಅವನು ಊರಿನ ತುಂಬ ಹಳದಿ ಫಲಕಗಳನ್ನು ನೆಡಿಸಿದ. ಒಂದನೆಯದು ಮರದ ಚರ್ಚು, ಎರಡು ಟಾರಿನ ಉಗ್ರಾಣ, ಮೂರು ಹಡಗಿನ ಕಪ್ತಾನನ ಮನೆ, ಆಮೇಲೆ ಬೇಸಿಗೆ ನಾಟಕದ ಬಯಲು, ಕುಣಿತದ ಮಂಟಪ, ದೀಪಸ್ತಂಭದ ದ್ವೀಪಕ್ಕೆ ದೋಣಿ ಹೊರಡುವ ಕಟ್ಟೆ. ಏಳನೆಯ ಫಲಕ ಸೌನಾದ ಬಾಗಿಲ ಪಕ್ಕ ಬಂತು. ಕೈಯಲ್ಲಿ ನಕ್ಷೆ ಹಿಡಿದ ಜನ ಎರಡು ಗಂಟೆಯಲ್ಲಿ ಏಳನ್ನೂ ಮುಗಿಸಿ, ಮಾರುಕಟ್ಟೆ ಚೌಕದಲ್ಲಿ ಸಾಸೇಜು ತಿಂದು, ಬಸ್ಸು ಹತ್ತುತ್ತಿದ್ದರು.

ಕಪ್ತಾನನ ಮನೆಗೆ ಇದರಿಂದ ಏನೂ ತೊಂದರೆಯಾಗಲಿಲ್ಲ. ಕಪ್ತಾನ ಸತ್ತು ನೂರು ವರ್ಷವಾಗಿತ್ತು. ಸೌನಾದಲ್ಲಿ ಜನ ಇದ್ದರು, ಮೈಮೇಲೆ ಬಟ್ಟೆಯಿಲ್ಲದೆ ಇದ್ದರು. ಫಲಕ ಓದಿದವರು ಕಿಟಕಿಗೆ ಮುಖ ಹಚ್ಚಿ ಇಣುಕಿದರು, ಬಾಗಿಲು ಅರ್ಧ ತೆರೆದು ಫೋನು ಎತ್ತಿ ಹಿಡಿದರು. ಒಂದು ಗುರುವಾರ ಹೀಗೆ ಫೋನು ಒಳಗೆ ಚಾಚಿದವನೊಬ್ಬನ ಮೇಲೆ ಸೈಮಿ ಬಿಂದಿಗೆ ನೀರು ಸುರಿದಳು. ತಣ್ಣೀರು ಎಂಬುದೇ ಅವನ ಪುಣ್ಯ. ಪೆಟ್ರಿ ಮಾತಾಡಲು ಬಂದ. ಅತಿಥಿಗಳ ಜತೆ ಸ್ವಲ್ಪ ನಯವಾಗಿರಬೇಕು, ಅವರು ನೋಡಲು ಎಷ್ಟು ದೂರದಿಂದ ಬಂದಿರುತ್ತಾರೆ ಎಂದ. ಬೆವರಲು ಬರುವವರು ಮಾತ್ರ ತನ್ನ ಅತಿಥಿಗಳು, ಬೆವರುವುದಾದರೆ ಜಗತ್ತಿನ ಯಾವ ಮೂಲೆಯಿಂದಲೂ ಬರಲಿ ಎಂದು ಸೈಮಿ ಕಡ್ಡಿ ಮುರಿದ ಹಾಗೆ ಹೇಳಿದಳು.

ಮರುವರ್ಷದ ಜುಲೈಯಲ್ಲಿ ಹೆಲ್ಸಿಂಕಿಯಿಂದ ಒಂದು ಸಮಿತಿ ಬಂತು. ದೇಶದ ಅತಿ ಚೆಂದದ ಬೇಸಿಗೆ ಊರು ಯಾವುದೆಂದು ಆರಿಸುವ ನಾಲ್ವರು, ಮೂರು ಗಂಡಸರು, ಒಬ್ಬಳು ಹೆಂಗಸು. ಪೆಟ್ರಿ ಆರು ತಿಂಗಳಿಂದ ಇದಕ್ಕಾಗಿ ಒದ್ದಾಡಿದ್ದ. ಚರ್ಚಿನಲ್ಲಿ ಆರ್ಗನ್ ನುಡಿಸಿದರು, ಮಂಟಪದಲ್ಲಿ ಊರಿನ ಅಜ್ಜ ಅಜ್ಜಿಯರು ಟ್ಯಾಂಗೋ ಕುಣಿದರು, ದ್ವೀಪದಲ್ಲಿ ಹೊಗೆಯಲ್ಲಿ ಬೇಯಿಸಿದ ಮೀನು ಕೊಟ್ಟರು. ಕೊನೆಗೆ ಸೌನಾದ ಬಾಗಿಲಿಗೆ ಬಂದರು. ಅಂದು ಗುರುವಾರ, ನಾನು ಒಳಗೇ ಇದ್ದೆ. ಏಪ್ರನ್ನು ಕಟ್ಟಿಕೊಂಡಿದ್ದ ಸೈಮಿ ಬಾಗಿಲಿಗೆ ಅಡ್ಡ ನಿಂತಳು.

"ಐದೇ ನಿಮಿಷ, ಸೈಮಿ," ಎಂದ ಪೆಟ್ರಿ. "ಸುಮ್ನೆ ನೋಡ್ಕೊಂಡು ಹೋಗ್ತಾರೆ."

"ಒಳಗಡೆ ನನ್ನ ಹತ್ರ ಹನ್ನೊಂದು ಜನ ಹೆಂಗಸರಿದಾರೆ. ಅವರೇನು ಗೋಡೆಗೆ ಹಾಕಿದ ಚಿತ್ರಾನಾ, ನೋಡ್ಕೊಂಡು ಹೋಗೋಕೆ?"

"ಅಮ್ಮಾ, ಇದು ಇಡೀ ಊರಿನ ಮರ್ಯಾದೆ ಪ್ರಶ್ನೆ."

"ಹೌದಪ್ಪ, ಅದಕ್ಕೇ ಹೇಳ್ತಿರೋದು. ಬರೋದಾದ್ರೆ ಬಟ್ಟೆ ಬಿಚ್ಚಿ ಬರಲಿ. ಈಯಮ್ಮ ಈಗ್ಲೇ ಬರಬಹುದು. ನೀವು ಗಂಡಸರು ನಾಳೆ ಬನ್ನಿ."

ಸಮಿತಿಯ ಹೆಂಗಸು ಕೈಚೀಲವನ್ನು ಪೆಟ್ರಿಯ ಕೈಗಿತ್ತು ಒಳಗೆ ಬಂದಳು. ಒಂದೂವರೆ ಗಂಟೆ ಇದ್ದಳು. ಮೇಲಿನ ಬೆಂಚಿಗೆ ಹತ್ತಿದಳು, ರಕ್ತ ಚುರುಕಾಗಿ ಓಡಲೆಂದು ಬರ್ಚ್ ಮರದ ಸೊಪ್ಪಿನ ಕಟ್ಟಿನಿಂದ ಮೈಗೆ ಹೊಡೆಸಿಕೊಂಡಳು, ಬೆನ್ನು ತೊಳೆಸಿಕೊಂಡಳು, ಸಮುದ್ರಕ್ಕೆ ಇಳಿದಳು, ಮತ್ತೆ ಬಂದು ಹಬೆಯಲ್ಲಿ ಕೂತಳು. ಹೊರಗೆ ಸಣ್ಣ ಮಳೆ ಹಿಡಿಯಿತು. ಮೂವರು ಗಂಡಸರು ಮತ್ತು ಪೆಟ್ರಿ ಅಷ್ಟು ಹೊತ್ತೂ ಹಳದಿ ಫಲಕದ ಪಕ್ಕದಲ್ಲಿ ನೆನೆಯುತ್ತ ನಿಂತಿದ್ದರು. ಬಹುಮಾನ ಬೇರೆ ಊರಿಗೆ ಹೋಯಿತು. ಅದು ಸೈಮಿಯಿಂದಲೇ ಹೋಯಿತೆಂದು ಯಾರೂ ಬರೆದು ಕೊಡಲಿಲ್ಲ. ಪೆಟ್ರಿಯ ತಲೆಯಲ್ಲಿ ಮಾತ್ರ ಅದು ಹಾಗೇ ಕೂತುಬಿಟ್ಟಿತು.

ವಸಂತದಲ್ಲಿ ಬಾಗಿಲಿಗೆ ಒಂದು ಕಾಗದ ಅಂಟಿಸಿದರು. ಹೊಗೆಗೂಡು ಬಿರುಕು ಬಿಟ್ಟಿದೆ, ಬೆಂಕಿ ಹಾಕುವುದು ಅಪಾಯ, ಆದ್ದರಿಂದ ಸೌನಾವನ್ನು ಮುಚ್ಚಲಾಗಿದೆ. ಬೇಸಿಗೆಯಿಂದ ಅದು ಸೌನಾ ವಸ್ತುಸಂಗ್ರಹಾಲಯವಾಗಿ ತೆರೆಯಲಿದೆ. ಸೈಮಿ ನಿಸ್ಕಲಾ ಅವರ ದೀರ್ಘ ಸೇವೆಗೆ ಊರು ಕೃತಜ್ಞವಾಗಿದೆ. ಅವಳಿಗೆ ಆಗ ಎಪ್ಪತ್ತನಾಲ್ಕು. ಕಾಗದದ ಎದುರು ಕನ್ನಡಕ ಹಾಕಿಕೊಂಡು ನಿಂತು ಎರಡು ಸಲ ಓದಿದಳು. ಒಳಗಿದ್ದ ತನ್ನ ಕುಂಚ, ಸೋಪು, ಕೊಂಬುಗಳನ್ನು ಕೇಳಿ ತೆಗೆದುಕೊಂಡು ಮನೆಗೆ ಹೋದಳು. ಅವಳು ಸೋತಳೆಂದೇ ನಾವು ತಿಳಿದೆವು. ನನಗೆ ಅವಳ ಮೇಲೆ ಸಣ್ಣ ಸಿಟ್ಟೂ ಬಂದಿತ್ತು. ನಾನೇನು ಮಾಡಿದೆ ಎಂದು ಕೇಳಿದರೆ, ಏನೂ ಮಾಡಿರಲಿಲ್ಲ.

ಜೂನ್‌ನಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ಬೆಂಚುಗಳ ಮುಂದೆ ಕೆಂಪು ಹಗ್ಗ. ಒಲೆಯ ಕಲ್ಲುಗಳ ಕೆಳಗೆ ಕೆಂಪು ಬಲ್ಬು. ಗೋಡೆಯೊಳಗಿನ ಪೆಟ್ಟಿಗೆಯೊಂದು ಐದು ನಿಮಿಷಕ್ಕೊಮ್ಮೆ ಕಲ್ಲಿಗೆ ನೀರೆರಚಿದಂತೆ 'ಸ್ಸ್' ಎನ್ನುತ್ತಿತ್ತು. ನಡುವೆ ಏಪ್ರನ್ನು ಕಟ್ಟಿ, ತಲೆಗೆ ವಸ್ತ್ರ ಸುತ್ತಿ, ಕೈಯಲ್ಲಿ ಕುಂಚ ಹಿಡಿದ ಒಂದು ಮೇಣದ ಗೊಂಬೆ. ಅದನ್ನೆಲ್ಲ ನೋಡಿಕೊಳ್ಳಲು ತುರ್ಕು ನಗರದಿಂದ ವಿಲ್ಯಾ ಎಂಬ ಇಪ್ಪತ್ತೈದರ ಹುಡುಗಿ ಬಂದಿದ್ದಳು, ಓದು ಮುಗಿಸಿ ಹಿಡಿದ ಮೊದಲ ಕೆಲಸ. ಉದ್ಘಾಟನೆಗೆ ಸೈಮಿಯನ್ನು ಕರೆದರು. ಅವಳು ಹೋಗಲಿಲ್ಲ.

ಮುಂದಿನ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ, ಐವತ್ತೇಳು ವರ್ಷ ಬಂದ ಹೊತ್ತಿಗೇ ಬಂದಳು. ಕಂಕುಳಲ್ಲಿ ಟವೆಲು, ಎರಡೂ ಕೈಯಲ್ಲಿ ದೊಡ್ಡ ಥರ್ಮಾಸುಗಳು. ಹಳೆಯ ಫೋಟೋಗಳು ತೂಗುಹಾಕಿದ್ದ ಬಟ್ಟೆ ಬದಲಿಸುವ ಕೋಣೆಯಲ್ಲಿ ನಿಧಾನವಾಗಿ ಬಟ್ಟೆ ಬಿಚ್ಚಿ ಗೂಟಕ್ಕೆ ಹಾಕಿದಳು. ಟವೆಲು ಸುತ್ತಿಕೊಂಡು, ಹಗ್ಗ ದಾಟಿ, ಮೇಲಿನ ಬೆಂಚಿಗೆ ಹತ್ತಿ ಕೂತಳು.

ವಿಲ್ಯಾ ಓಡಿ ಬಂದಳು. "ನೀವಲ್ಲಿ ಕೂರೋ ಹಾಗಿಲ್ಲ. ಅದು ಪ್ರದರ್ಶನಕ್ಕಿಟ್ಟಿರೋದು."

"ನಾನೂ ಪ್ರದರ್ಶನಕ್ಕಿಟ್ಟಿರೋದೇ ಅಂದ್ಕೋ, ಮಗಳೇ. ನಾನು ಹುಟ್ಟಿದ್ದು ಕೆಳಗಿನ ಬೆಂಚಲ್ಲಿ. ಆ ಗೊಂಬೆ ಎಲ್ಲಿ ಹುಟ್ಟಿದ್ದು?"

ಅಷ್ಟರಲ್ಲಿ ಜರ್ಮನಿಯ ಗಂಡ ಹೆಂಡತಿ ಒಳಗೆ ಬಂದರು. ಟವೆಲು ಸುತ್ತಿ ಕೂತ ಮುದುಕಿಯನ್ನು ನೋಡಿ, ಏರ್ಪಾಡು ತುಂಬ ಚೆನ್ನಾಗಿದೆ ಎಂದು ತಲೆದೂಗಿದರು. ಸೈಮಿ ಹೆಂಡತಿಯ ಕಡೆ ನೋಡಿ ಪಕ್ಕದ ಹಲಗೆಯನ್ನು ತಟ್ಟಿದಳು, ಗಂಡನಿಗೆ ಬಾಗಿಲು ತೋರಿಸಿದಳು. ಸ್ವಲ್ಪ ಹೊತ್ತಿಗೆ ಆ ಹೆಂಗಸು ಬೆಂಚಿನ ಮೇಲೆ ಬೋರಲಾಗಿ ಮಲಗಿದ್ದಳು. ಸೈಮಿ ಥರ್ಮಾಸಿನ ಬಿಸಿನೀರಿನಲ್ಲಿ ಅವಳ ಬೆನ್ನು ತೊಳೆಯುತ್ತಿದ್ದಳು. ಗೋಡೆ 'ಸ್ಸ್' ಎಂದಿತು, ಹಬೆ ಬರಲಿಲ್ಲ.

ಮುಂದಿನ ಶನಿವಾರ ನಾನೂ ಹೋದೆ. ಕಾಲು ಎತ್ತಿ ಹಗ್ಗ ದಾಟುವ ಮೊದಲು ಎರಡು ಸಲ ಬಾಗಿಲ ಕಡೆ ತಿರುಗಿ ನೋಡಿದ್ದು ಇನ್ನೂ ನೆನಪಿದೆ. ಅರವತ್ತರ ಹತ್ತಿರದಲ್ಲಿದ್ದೆ. ಬದುಕಿನಲ್ಲಿ ಒಂದು ಪುಸ್ತಕವನ್ನೂ ತಡವಾಗಿ ಹಿಂದಿರುಗಿಸಿದವಳಲ್ಲ. ಅಂದು ಐದು ಜನ ಇದ್ದೆವು, ಅದರ ಮುಂದಿನ ವಾರ ಹದಿನಾಲ್ಕು. ಶುಕ್ರವಾರಗಳಂದು ಗಂಡಸರು ಬರತೊಡಗಿದರು. ಯಾರೂ ಕೂಗಲಿಲ್ಲ, ಫಲಕ ಹಿಡಿಯಲಿಲ್ಲ. ಬಟ್ಟೆ ಬಿಚ್ಚಿ, ಟವೆಲು ಸುತ್ತಿ, ತಣ್ಣನೆಯ ಬೆಂಚುಗಳ ಮೇಲೆ ಸಾಲಾಗಿ ಕೂತು, ಎರಡು ಗಂಟೆಯಾದ ಮೇಲೆ ಎದ್ದು ಮನೆಗೆ ಹೋದೆವು. ಸುಮ್ಮನೆ ಕೂರುವುದು ನಮಗೆ ಚೆನ್ನಾಗಿ ಬರುತ್ತದೆ. ಪೆಟ್ರಿ ಪತ್ರ ಕಳಿಸಿದ, ಸೈಮಿ ಅದನ್ನು ಒದ್ದೆ ಕೈಯಲ್ಲಿ ತೆಗೆದುಕೊಂಡು ಅಕ್ಷರ ಹರಡಿಸಿಬಿಟ್ಟಳು. ಪೊಲೀಸನನ್ನು ಕಳಿಸಿದ. ಪೊಲೀಸ ಬಾಗಿಲಲ್ಲಿ ತಲೆ ಹಾಕಿದ. ಎರಡನೆಯ ಬೆಂಚಿನಲ್ಲಿ ಅವನ ಅಮ್ಮ ಕೂತಿದ್ದಳು. "ಬಾಗಿಲು ಮುಚ್ಚೋ, ಗಾಳಿ ಬರುತ್ತೆ," ಎಂದಳು. ಅವನು ಮುಚ್ಚಿಕೊಂಡು ಹೋದ.

ಸೆಪ್ಟೆಂಬರ್ ಕಳೆಯಿತು. ಪ್ರವಾಸಿಗಳು ನಿಂತರು, ನಾವು ನಿಲ್ಲಲಿಲ್ಲ. ಅಕ್ಟೋಬರಿನಲ್ಲಿ ಹಲಗೆಗಳು ಮಂಜಿನಷ್ಟು ತಣ್ಣಗಾದವು, ಉಸಿರು ಬಿಳಿಯಾಗಿ ಕಾಣಿಸತೊಡಗಿತು. ಸೈಮಿಗೆ ಕೆಮ್ಮು ಹಿಡಿಯಿತು. ಮನೆಯಲ್ಲಿರು, ನಾವು ಕೂರುತ್ತೇವೆ ಎಂದೆವು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರನೆಯ ಶನಿವಾರ ಕೆಮ್ಮಿ ಕೆಮ್ಮಿ ಬಾಗಿಹೋದಳು. ಮೂಲೆಯಲ್ಲಿ ಕೋಟು ಹಾಕಿಕೊಂಡು ನಿಂತಿದ್ದ ವಿಲ್ಯಾ ಅದನ್ನು ನೋಡಿದಳು. ಹೊರಗೆ ಹೋದವಳು ಅಂದು ಮತ್ತೆ ಬರಲಿಲ್ಲ. ನಮ್ಮಿಂದ ಬೇಸತ್ತಳೆಂದುಕೊಂಡೆವು.

ಅವಳು ಹೋದದ್ದು ಔಲಿಸ್‌ನ ಮನೆಗೆ. ಔಲಿಸ್ ಈ ಊರಿನ ಹೊಗೆಗೂಡುಗಳನ್ನು ಮೂವತ್ತು ವರ್ಷದಿಂದ ಗುಡಿಸುತ್ತಿರುವವನು. ಸೌನಾದ ಹೊಗೆಗೂಡಿನಲ್ಲಿ ನಿಜಕ್ಕೂ ಬಿರುಕಿದೆಯೇ ಎಂದು ಅವಳು ಕೇಳಿದಳು. ಔಲಿಸ್ ಕಾಫಿ ಲೋಟ ಕೆಳಗಿಟ್ಟ. ಆರು ತಿಂಗಳಿಂದ ಆ ಪ್ರಶ್ನೆಗಾಗಿ ಕಾಯುತ್ತಿದ್ದೆ, ಯಾರೂ ಕೇಳಲಿಲ್ಲ ಎಂದ. ವರದಿ ಬರೆದವನು ಹೊರಗಿನವನು, ಏಣಿಯನ್ನೇ ತರದೆ ಬಂದಿದ್ದನಂತೆ. ನೀವೇ ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎಂದು ವಿಲ್ಯಾ ಸಿಡುಕಿದಳು. ಹೌದು, ಹೇಳಬಹುದಿತ್ತು ಎಂದ ಔಲಿಸ್.

ಸೋಮವಾರ ಹಗಲು ಅವನು ಏಣಿ ಹಾಕಿ ಸೌನಾದ ಮಾಡು ಹತ್ತಿದ. ಕೆಳಗೆ ಅರ್ಧ ಊರು ಸೇರಿತ್ತು, ಪೆಟ್ರಿಯೂ ಬಂದಿದ್ದ. ಔಲಿಸ್ ಹೊಗೆಗೂಡಿನೊಳಗೆ ದೀಪ ಇಳಿಬಿಟ್ಟು ನೋಡಿದ, ಇಟ್ಟಿಗೆಗಳನ್ನು ಒಂದೊಂದಾಗಿ ಬಡಿದು ನೋಡಿದ. ಕೆಳಗಿಳಿದು ಬಂದು ಒಲೆಯಲ್ಲಿ ಒಂದು ಹಿಡಿ ಬರ್ಚ್ ತೊಗಟೆ ಹೊತ್ತಿಸಿದ. ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು. ಅವನು ಜೇಬಿನಿಂದ ಪುಸ್ತಕ ತೆಗೆದು, ಮೊಣಕಾಲ ಮೇಲಿಟ್ಟು ಬಿರುಕಿಲ್ಲವೆಂದು ಬರೆದು, ಸಹಿ ಹಾಕಿ, ಹಾಳೆ ಹರಿದು ಪೆಟ್ರಿಗೆ ಕೊಟ್ಟ. ಅವನ ಕೆಲಸದ ಸಹಿಗೆ ಕಾನೂನಿನ ಬಲವಿದೆ. ಪೆಟ್ರಿ ಓದಿದ. ಇದನ್ನು ಆಡಳಿತ ಸಭೆಯ ಮುಂದಿಡುತ್ತೇನೆ ಎಂದಷ್ಟೇ ಹೇಳಿ ಹೋದ.

ಸಭೆ ನವೆಂಬರ್ ಮೊದಲ ವಾರ ಕೂಡಿತು. ಕುರ್ಚಿಗಳು ಸಾಲದೆ ಜನ ಕಿಟಕಿಯ ಕಟ್ಟೆಗಳ ಮೇಲೆ ಕೂತರು. ವಸ್ತುಸಂಗ್ರಹಾಲಯಕ್ಕೆ ಆಗಿರುವ ಕೆಲಸ, ಮುಂದಿನ ಬೇಸಿಗೆಯ ಯೋಜನೆ, ಎಲ್ಲವನ್ನೂ ಪೆಟ್ರಿ ವಿವರಿಸಿದ. ಊರಿನ ಪರಂಪರೆಯನ್ನು ಕಾಪಾಡುವುದೇ ತಮ್ಮ ಉದ್ದೇಶವೆಂದ. ಆಮೇಲೆ ಸೈಮಿಗೆ ಮಾತಾಡಲು ಎರಡು ನಿಮಿಷ ಕೊಟ್ಟರು. ಅವಳು ಕೋಟಿನ ಗುಂಡಿ ಹಾಕಿಕೊಂಡೇ ನಿಂತಳು.

"ನೀವು ಕಾಪಾಡ್ತೀವಿ ಅಂತೀರಿ. ಉಪ್ಪು ಹಾಕಿಟ್ಟ ಮೀನೂ ಕೆಡದೆ ಇರುತ್ತೆ, ಆದ್ರೆ ಈಜಲ್ಲ. ನಾನು ನಿಮ್ಮಲ್ಲಿ ಒಂಬತ್ತು ಜನರನ್ನ ಹುಟ್ಟಿದ ವಾರ ತೊಳೆದಿದೀನಿ. ಇಬ್ಬರ ಅಪ್ಪಂದಿರನ್ನ ಸತ್ತ ದಿನ ತೊಳೆದಿದೀನಿ. ಹೊರಗಿನವರು ಬರಬಾರದು ಅಂತ ನಾನು ಯಾವತ್ತೂ ಅಂದಿಲ್ಲ. ಬರಲಿ, ಬಟ್ಟೆ ಬಿಚ್ಚಲಿ, ನಮ್ಮ ಪಕ್ಕ ಕೂರಲಿ. ನಮ್ಮನ್ನ ನೋಡೋಕೆ ಬಂದವರಿಗೆ ನಾವೂ ಅವರನ್ನ ನೋಡ್ತೀವಿ ಅನ್ನೋದು ಗೊತ್ತಿರಲಿ. ನಾನು ಶನಿವಾರ ಬೆಂಕಿ ಹಾಕ್ತೀನಿ. ನೀವು ನಿಮ್ಮ ಕಾಗದ ಬರ್ಕೊಳ್ಳಿ."

ಎರಡು ನಿಮಿಷ ತುಂಬುವ ಮೊದಲೇ ಕೂತುಬಿಟ್ಟಳು. ಸದಸ್ಯರು ಇನ್ನಷ್ಟು ಪರಿಶೀಲನೆ ಅಗತ್ಯ ಎಂದು ತೀರ್ಮಾನವನ್ನು ಜನವರಿಗೆ ಮುಂದೂಡಿದರು.

ಶನಿವಾರ ಬೆಳಗ್ಗೆ ಎಂಟಕ್ಕೆ ಸೈಮಿ ಸೌದೆ ಬಂಡಿ ತಳ್ಳಿಕೊಂಡು ಬಂದಳು. ವಿಲ್ಯಾ ಬೀಗ ತೆಗೆದಳು. ಆ ಒಂದು ಕೆಲಸಕ್ಕೆ ತನ್ನ ನೌಕರಿ ಹೋಗಬಹುದೆಂದು ಅವಳಿಗೆ ಗೊತ್ತಿತ್ತು. ಕೆಂಪು ಬಲ್ಬು ಬಿಚ್ಚಿದರು, ಹಗ್ಗ ಸುತ್ತಿಟ್ಟರು, ಗೋಡೆಯ ಪೆಟ್ಟಿಗೆಯ ತಂತಿ ಕಿತ್ತರು. ಗೊಂಬೆಯನ್ನು ಏನು ಮಾಡುವುದೆಂದು ವಿಲ್ಯಾ ಕೇಳಿದಳು. ಮೇಣ ಕರಗೀತು ಪಾಪ, ಹೊರಗಿಡು ಎಂದಳು ಸೈಮಿ. ಅದೀಗ ಕಪ್ತಾನನ ಮನೆಯಲ್ಲಿ ಅಡುಗೆಯವಳಾಗಿ ನಿಂತಿದೆ. ಕಲ್ಲು ಕಾಯಲು ನಾಲ್ಕು ಗಂಟೆ ಬೇಕಾಯಿತು. ಮಧ್ಯಾಹ್ನ ಎರಡಕ್ಕೆ ಸೈಮಿ ಮೊದಲ ಸವುಟು ನೀರು ಎರಚಿದಾಗ ಹಬೆ ಮಾಡಿಗೆ ಹೋಗಿ, ತಿರುಗಿ, ನಮ್ಮ ಭುಜಗಳ ಮೇಲೆ ಇಳಿಯಿತು. ವಿಲ್ಯಾ ಕೆಳಗಿನ ಬೆಂಚಿನಲ್ಲಿ ಮೊಣಕಾಲು ತಬ್ಬಿಕೊಂಡು ಕೂತು ಬಿಕ್ಕಿದಳು. ಸೈಮಿ ಅವಳ ತಲೆಯ ಮೇಲೆ ಒಂದು ಬಕೆಟ್ ಬಿಸಿನೀರು ಸುರಿದಳು.

ಜನವರಿಯ ತೀರ್ಮಾನ ಬರುವ ಹೊತ್ತಿಗೆ ಎಂಟು ವಾರದಿಂದ ಸೌನಾ ನಡೆಯುತ್ತಲೇ ಇತ್ತು. ನಡೆಯಲಿ ಎಂದು ಅವರು ಬರೆದರು. ವಿಲ್ಯಾಳ ನೌಕರಿ ಹೋಗಲಿಲ್ಲ, ವಸ್ತುಸಂಗ್ರಹಾಲಯದಿಂದ ಸೌನಾದ ಹೆಸರಿಗೆ ಬದಲಾಯಿತು. ಪೆಟ್ರಿ ಇನ್ನೆರಡು ವರ್ಷ ಇದ್ದು, ಇದಕ್ಕಿಂತ ದೊಡ್ಡ ಊರಿಗೆ ಕೆಲಸ ಸಿಕ್ಕಿ ಹೊರಟ. ಹೊರಡುವ ವಾರ, ಒಂದು ಶುಕ್ರವಾರ, ಟವೆಲು ಹಿಡಿದು ಸೌನಾಕ್ಕೆ ಬಂದನೆಂದು ಗಂಡಸರು ಹೇಳಿದರು. ಸೈಮಿ ಅವನ ಬೆನ್ನು ತೊಳೆದಳಂತೆ, ಎಲ್ಲರಿಗೆ ಹಾಕುವಷ್ಟೇ ನೀರು ಹಾಕಿದಳಂತೆ. ಹಾಗಾದರೆ ಎಲ್ಲ ಮರೆತುಬಿಟ್ಟೆಯಾ ಎಂದು ನಾನು ಮರುದಿನ ಕೇಳಿದೆ.

"ತೊಳೆದೆ," ಎಂದಳು ಸೈಮಿ. "ಕ್ಷಮಿಸ್ಲಿಲ್ಲ. ಅವೆರಡೂ ಬೇರೆ ಬೇರೆ ಕೆಲಸ ಕಣೇ."

ಅವಳ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಹೊಸ ಆಡಳಿತದವರು ಹೂಗುಚ್ಛ ಹಿಡಿದು ಮನೆಗೆ ಹೋದರು. ಸೌನಾಕ್ಕೆ ಸೈಮಿ ನಿಸ್ಕಲಾ ಸೌನಾ ಎಂದು ಹೆಸರಿಡಬೇಕೆಂದಿದ್ದೇವೆ, ಬಾಗಿಲ ಮೇಲೆ ಕಂಚಿನ ಫಲಕ ಹಾಕಿಸುತ್ತೇವೆ ಎಂದರು. ಸೈಮಿ ಹೂ ತೆಗೆದುಕೊಂಡಳು, ಅವರಿಗೆಲ್ಲ ಕಾಫಿ ಬಗ್ಗಿಸಿ ಕೊಟ್ಟಳು, ಕಂಚಿನ ಫಲಕ ಬೇಡವೆಂದಳು. ತಾನಿನ್ನೂ ಸತ್ತಿಲ್ಲ, ಸತ್ತ ಮೇಲೂ ಆ ಬಾಗಿಲಿಗೆ ಮೊಳೆ ಹೊಡೆಯುವುದು ಬೇಡ, ಹಳೆಯ ಮರ, ಸೀಳುತ್ತದೆ ಎಂದಳು.

ಹೋದ ವರ್ಷ ಅವಳ ಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು. ಆರು ವಾರ ಸೌನಾದ ಹತ್ತಿರ ಸುಳಿಯಬಾರದೆಂದು ವೈದ್ಯರು ಹೇಳಿದ್ದರು. ಮೂರನೆಯ ವಾರ ಊರುಗೋಲು ಊರಿಕೊಂಡು ಬಂದಳು. ಮೇಲಿನ ಬೆಂಚಿಗೆ ಹತ್ತಲಾಗುವುದಿಲ್ಲ. ಕೆಳಗಿನದರಲ್ಲಿ ಕೂತು, ಒಲೆಗೆ ಯಾವ ಸೌದೆ ಹಾಕಬೇಕು, ಯಾರ ಬೆನ್ನನ್ನು ಎಷ್ಟು ಉಜ್ಜಬೇಕು ಎಂದು ವಿಲ್ಯಾಗೆ ಹೇಳುತ್ತಿರುತ್ತಾಳೆ. ವಿಲ್ಯಾ ಕುಂಚವನ್ನು ತುಂಬ ಮೆತ್ತಗೆ ಹಿಡಿಯುತ್ತಾಳೆಂದು ಅವಳ ತಕರಾರು. ವಿಲ್ಯಾ ಕೇಳುವುದಿಲ್ಲ, ತನಗೆ ಸರಿಕಂಡಂತೆಯೇ ತೊಳೆಯುತ್ತಾಳೆ. ಇಬ್ಬರೂ ಪ್ರತಿ ಶನಿವಾರ ಇದೇ ವಿಷಯಕ್ಕೆ ಜಗಳವಾಡುತ್ತಾರೆ, ನಾವು ಬೆವರುತ್ತ ಕೇಳುತ್ತೇವೆ.